ಎಂಟನೆಯವನಿಗೆ ಜಾಗವಿಲ್ಲದ ಬೆಂಚು

ಸಮಸ್ತ ನಾಗರಿಕ ಬಂಧುಗಳಿಗೆ ಅತ್ಯಂತ ಗಂಭೀರವಾಗಿ ತಿಳಿಯಪಡಿಸುವುದೇನೆಂದರೆ, ಆಟದ ಬಯಲಿನಲ್ಲಿ ಹೊಸದಾಗಿ ಕಟ್ಟಿರುವ ಗೌರವ ಮಂಟಪದ ಕಲ್ಲುಬೆಂಚಿನ ಮೇಲೆ ಏಳು ಜನ ಮಾತ್ರ ಕೂರಬಹುದು. ಎಂಟನೆಯವರು ಕೂತರೆ ಮೊದಲನೆಯವರು ಕೆಳಗೆ ಬೀಳುತ್ತಾರೆ. ಇದನ್ನು ಪಂಚಾಯ್ತಿ ಅಧ್ಯಕ್ಷರಾದ ಗುರುಸಿದ್ದಪ್ಪನವರು ತಮ್ಮ ಮನೆಮಂದಿಯನ್ನೆಲ್ಲ ಕರೆತಂದು, ಕೂರಿಸಿ, ಬೀಳಿಸಿ, ಖುದ್ದಾಗಿ ಖಚಿತಪಡಿಸಿಕೊಂಡಿದ್ದಾರೆ.

ಈ ಪ್ರಕಟಣೆಯನ್ನು ಮೈಕಿನಲ್ಲಿ ಓದಿದವನು ನಾನೇ. ಹೆಸರು ಪಾಲಯ್ಯ. ಸಂತೆಬೀದಿಯ ಮೂಲೆಯಲ್ಲಿ ತಗಡಿನ ಕೊಡೆ ಮಾಡಿ ಮಾರುವ, ಮಾರಿದ್ದನ್ನು ರಿಪೇರಿ ಮಾಡುವ ಅಂಗಡಿ ನನ್ನದು. ನಮ್ಮೂರಿನಲ್ಲಿ ಈ ಕಸುಬಿಗೆ ಬರಗಾಲ ಬಂದದ್ದಿಲ್ಲ. ಬಯಲಿನಲ್ಲಿ ಮೇಲಕ್ಕೆ ಹೋದದ್ದು ಕೆಳಗೆ ಬಂದೇ ಬರುತ್ತದೆ, ಬೀಳಬೇಕಾದ ಜಾಗಕ್ಕೇ ಬರುತ್ತದೆ. ಬರುವ ಹೊತ್ತು ಮಾತ್ರ ಅದರ ಮರ್ಜಿ. ಕೆಲವು ಸಂಜೆಯೊಳಗೆ ಬರುತ್ತವೆ, ಕೆಲವು ಮುಂದಿನ ಹಬ್ಬಕ್ಕೆ. ಹಾಗಾಗಿ ಸೋದರಮಾವಂದಿರು ಅಳಿಯಂದಿರನ್ನು ಎತ್ತಿ ಹಾರಿಸಿ ಆಡಿಸುವುದಿದ್ದರೆ ಸೂರಿನ ಕೆಳಗೇ ಆಡಿಸುತ್ತಾರೆ. ನನ್ನ ಮದುವೆ ಬಯಲು ಚಪ್ಪರದಲ್ಲಿ ಆಯಿತು. ಆವತ್ತು ಹಾಕಿದ ಅಕ್ಷತೆ ವರ್ಷಗಟ್ಟಲೆ ಬರಲಿಲ್ಲ. ಒಂದು ದಿನ ಅದೇ ಜಾಗದಲ್ಲಿ ನಿಂತು, ಬದನೆಕಾಯಿ ಆರಿಸಲು ಬಾರದ ಗಂಡಸೆಂದು ಶಿವಗಂಗಮ್ಮ ನನ್ನನ್ನು ಬೈಯುತ್ತಿರುವಾಗ ಅಷ್ಟೂ ಅಕ್ಷತೆ ನಮ್ಮ ತಲೆಯ ಮೇಲೆ ಸುರಿಯಿತು. ಅವಳು ಸೆರಗಿನಿಂದ ಕೂದಲು ಕೊಡವಿಕೊಂಡು, ಬೈಗುಳವನ್ನು ಬಿಟ್ಟ ಜಾಗದಿಂದಲೇ ಮುಂದುವರಿಸಿದಳು.

ಇಂಥ ಊರಿನಲ್ಲಿ ಜನರಿಗೆ ಪ್ರಾಣವೆಂದರೆ ಚಿನ್ನಿದಾಂಡು. ನಗಬೇಡಿ, ನಮಗೂ ಬೇರೆ ಆಟಗಳು ಗೊತ್ತು. ಆದರೆ ಪ್ರೀತಿ ಹುಟ್ಟುವಾಗ ಅನುಕೂಲ ನೋಡುವುದಿಲ್ಲ. ಹೊರಗಿನವರು ಇಲ್ಲಿ ಬಂದು ಆಡುವುದಿಲ್ಲವಾದ್ದರಿಂದ ನಮ್ಮ ತಂಡವೇ ಬೇರೆ ಊರುಗಳಿಗೆ ಹೋಗಿ ಆಡುತ್ತದೆ, ಸೋಲುತ್ತದೆ. ಅಲ್ಲೆಲ್ಲ ಚಿನ್ನಿ ಹೊಡೆದ ಕೂಡಲೇ ಬಿದ್ದುಬಿಡುತ್ತದೆ. ನಮ್ಮವರು ಕತ್ತೆತ್ತಿ ನೋಡಿ, ಇದು ನಾಳೆಯ ಮಾತು ಅಂದುಕೊಂಡು ಬೀಡಿ ಹಚ್ಚುವಷ್ಟರಲ್ಲಿ ಅದು ಕಾಲಬುಡದಲ್ಲಿ ಬಿದ್ದಿರುತ್ತದೆ. ಹತ್ತು ವರ್ಷದಲ್ಲಿ ಒಂದು ಪಂದ್ಯವನ್ನೂ ಗೆದ್ದಿಲ್ಲ. ಆದರೂ ತಂಡ ಹೊರಟ ದಿನ ಊರಿಗೆ ಊರೇ ಬಸ್‌ಸ್ಟ್ಯಾಂಡಿಗೆ ಬಂದು ಹಾರ ಹಾಕುತ್ತದೆ, ಸೋತು ಬಂದ ದಿನ ಅದೇ ಹಾರವನ್ನು ಕೇಳಿ ವಾಪಸು ತೆಗೆದುಕೊಳ್ಳುತ್ತದೆ.

ಈ ತಂಡ ಊರ ತಂಡವಾದದ್ದು ಹೇಗೆಂದು ಹೇಳಬೇಕು, ಯಾಕೆಂದರೆ ನನ್ನ ತಲೆನೋವಿನ ಬೇರು ಇರುವುದು ಅಲ್ಲಿ. ಹತ್ತು ವರ್ಷದ ಹಿಂದೆ ತಂಡ ಆರಿಸಲು ಬಯಲಿನಲ್ಲಿ ಪಂದ್ಯ ಇಟ್ಟರು. ಎಂಟೆಂಟು ಜನರ ಎರಡು ಕಡೆ, ಗೆದ್ದ ಕಡೆಯವರೇ ಊರ ತಂಡ. ಒಂದು ಕಡೆಗೆ ಗಾರೆಕೆಲಸದ ಓಬಳೇಶ ಮುಂದಾಳು. ಇನ್ನೊಂದು ಕಡೆಗೆ ಮಂಡಕ್ಕಿ ಮೆಣಸಿನಕಾಯಿ ಗಾಡಿಯ ಹನುಮಕ್ಕ. ಕೊನೆಗೆ ಉಳಿದ ದಾಂಡಿಗ ಓಬಳೇಶ. ಅವನು ಔಟಾದರೆ ಹನುಮಕ್ಕನ ಕಡೆಗೆ ಗೆಲುವು, ಆಗದಿದ್ದರೆ ಅವನ ಕಡೆಗೆ. ಓಬಳೇಶ ಚಿನ್ನಿಯನ್ನು ಚಿಮ್ಮಿ, ಬಿಟ್ಟ ನೋಡಿ ಒಂದು ಏಟು! ಚಿನ್ನಿ ಸೊಂಯ್ ಎಂದು ಮೇಲಕ್ಕೆ ಹೋಯಿತು. ಹನುಮಕ್ಕ ಓಡಿಹೋಗಿ ಅದು ಬೀಳಬೇಕಾದ ಜಾಗದಲ್ಲಿ ಕೈ ಚಾಚಿ ನಿಂತಳು. ಸಂಜೆಯಾಯಿತು, ವಾರವಾಯಿತು, ಚಿನ್ನಿ ಬರಲಿಲ್ಲ. ಆಟದ ತೀರ್ಪು ಹೇಳುವ ಆಗಿನ ಪಂಚರು, "ಸದ್ಯಕ್ಕೆ ಓಬಳೇಶನ ಕಡೆಯವರೇ ಊರ ತಂಡ. ಚಿನ್ನಿ ಬಂದಮೇಲೆ ನೋಡನ," ಎಂದು ಮನೆಗೆ ಹೋದರು. ಆ ಪಂಚರು ತೀರಿಕೊಂಡರು, ಅವರ ಜಾಗಕ್ಕೆ ನಾನು ಬಂದೆ, ಆ ಸದ್ಯ ಮಾತ್ರ ಹಾಗೇ ಉಳಿಯಿತು. ಹಳೆ ಪಂದ್ಯ ಮುಗಿಯದೆ ಹೊಸ ಆಯ್ಕೆ ಪಂದ್ಯ ಇಡುವಂತಿಲ್ಲವಾದ್ದರಿಂದ ಅದೇ ಎಂಟು ಜನ ಹತ್ತು ವರ್ಷ ಆಡಿದರು.

ಹನುಮಕ್ಕ ಆ ಜಾಗ ಬಿಡಲಿಲ್ಲ. ತನ್ನ ಗಾಡಿಯನ್ನು ಅಲ್ಲಿಗೇ ತಂದು ನಿಲ್ಲಿಸಿ, ಗಾಡಿಯ ಮಾಡು ಕಿತ್ತುಹಾಕಿ, ಒಂದು ಕಣ್ಣು ಬಾಣಲೆಯ ಮೇಲೆ ಒಂದು ಕಣ್ಣು ಆಕಾಶದ ಮೇಲೆ ಇಟ್ಟುಕೊಂಡು ಬಜ್ಜಿ ಕರಿಯತೊಡಗಿದಳು. ಯಾರಾದರೂ ನಕ್ಕರೆ, "ನಗ್ರಪ್ಪ ನಗ್ರಿ. ನನ್ನ ಚಿನ್ನಿ ಇನ್ನೂ ಬಂದಿಲ್ಲ. ಬಂದ ದಿನ ನಾನೂ ನಗ್ತೀನಿ," ಅನ್ನುತ್ತಿದ್ದಳು. ಅವಳು ಸದಾ ಮೇಲೆ ನೋಡುತ್ತಿದ್ದಳು. ಓಬಳೇಶ ಎಂದೂ ಮೇಲೆ ನೋಡುತ್ತಿರಲಿಲ್ಲ.

ಹೀಗಿರುವಾಗ ಗುರುಸಿದ್ದಪ್ಪನವರಿಗೆ ಒಂದು ಯೋಜನೆ ಹೊಳೆಯಿತು. ನಮ್ಮ ತಂಡದ ದಶಕದ ಶ್ರೇಷ್ಠ ಆಟಗಾರರನ್ನು ಆರಿಸಿ ಗೌರವಿಸಬೇಕು. ಬಯಲಿನಲ್ಲಿ ಗಟ್ಟಿ ತಾರಸಿಯ ಮಂಟಪ, ಅದರೊಳಗೆ ಕಲ್ಲುಬೆಂಚು, ಆ ಬೆಂಚಿನ ಮೇಲೆ ಕೂರುವ ಹಕ್ಕು ಶ್ರೇಷ್ಠರಿಗೆ ಆಜೀವಪರ್ಯಂತ. ಬಯಲಿನಲ್ಲಿ ಕೊಡೆ ಇಲ್ಲದೆ, ಬರಿತಲೆಯಲ್ಲಿ, ಗಾಳಿಗೆ ಮೈಯೊಡ್ಡಿ ಕೂರುವುದೆಂದರೆ ನಮ್ಮೂರಿನಲ್ಲಿ ಎಂಥ ವೈಭೋಗವೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಆದರೆ ಮೇಸ್ತ್ರಿ ಬೆಂಚನ್ನು ಏಳು ಜನರ ಅಳತೆಗೆ ಕಡಿದುಬಿಟ್ಟಿದ್ದ. ಆಡಿದವರು ಎಂಟು ಜನ. ಅಂದರೆ ದಶಕದ ಶ್ರೇಷ್ಠರ ಆಯ್ಕೆ ಎಂಬ ಈ ಮಹಾಕಾರ್ಯದ ಒಟ್ಟು ಸಾರಾಂಶ ಇಷ್ಟೇ: ಒಬ್ಬನನ್ನು ಬಿಡಬೇಕು.

ಆಯ್ಕೆ ಸಮಿತಿಯ ಸಂಚಾಲಕನನ್ನಾಗಿ ನನ್ನನ್ನು ನೇಮಿಸಿದರು. ನಾನು ಕೈಮುಗಿದೆ. "ಅಧ್ಯಕ್ಷರೇ, ಬ್ಯಾಡ. ಭೀಮೇಶಿ ತಂಡದಲ್ಲಿದಾನೆ. ಅವನು ನನ್ನ ಹೆಂಡ್ತಿ ತಮ್ಮ."

"ಅದು ಇನ್ನೂ ಒಳ್ಳೇದಾಯ್ತಲ್ಲ ಪಾಲಯ್ಯ," ಎಂದರು ಗುರುಸಿದ್ದಪ್ಪನವರು. "ಅವನನ್ನೇ ಬಿಟ್ಬಿಡು. ಗಲಾಟೆ ಆದ್ರೆ ನಿನ್ನ ಮನೇಲಾಗುತ್ತೆ, ಊರಲ್ಲಾಗಲ್ಲ."

ಗೌರವ ಮಂಟಪ ಈ ಪಾಲಯ್ಯನ ಪಾಲಿಗೆ ರೌರವ ಮಂಟಪವಾಯಿತು. ಮರುದಿನದಿಂದ ತಂಡದವರು ಒಬ್ಬೊಬ್ಬರಾಗಿ, ಮುರಿಯದ ಕೊಡೆಗಳನ್ನು ಹಿಡಿದುಕೊಂಡು ಅಂಗಡಿಗೆ ರಿಪೇರಿಗೆ ಬಂದರು. ಎಲ್ಲರೂ ಸೋತವರೇ ಆದ್ದರಿಂದ ಯಾರು ಎಷ್ಟು ಚೆನ್ನಾಗಿ ಸೋತರು ಎಂಬುದರ ಮೇಲೆ ವಾದ. ಒಬ್ಬ ತಾನು ಸೋತಾಗಲೆಲ್ಲ ಎದುರಾಳಿಯ ಬೆನ್ನು ತಟ್ಟಿದ್ದೇನೆ ಅಂದ. ಇನ್ನೊಬ್ಬ, ತಟ್ಟಿದ್ದಲ್ಲ ಗುದ್ದಿದ್ದು, ಬೇಕಾದರೆ ಆ ಬೆನ್ನಿನವನನ್ನೇ ಕರೆತರುತ್ತೇನೆ ಅಂದ. ಕೊನೆಗೆ ಓಬಳೇಶ ಬಂದ. ಅವನ ಹೆಸರು ಮೊದಲೇ ನಿಕ್ಕಿಯಾಗಿತ್ತು, ಆ ಏಟಿಗೆ ಸಮನಾದ ಏಟನ್ನು ಯಾರೂ ಹೊಡೆದಿರಲಿಲ್ಲ. ಆದರೂ ಬಂದು, ಕೊಡೆಯ ಹಿಡಿಯನ್ನು ಉಜ್ಜುತ್ತ ಕೂತ.

"ಪಾಲಣ್ಣ, ಆ ಚಿನ್ನಿ ಇನ್ನು ಬರಲ್ಲ ಅಲ್ವಾ?"

"ನನ್ನನ್ನ ಕೇಳಿದ್ರೆ?"

"ಹತ್ತು ವರ್ಷ ಆಯ್ತು. ಏನಾದ್ರೂ ಸವೆದುಹೋಗಿರ್ತದಾ ಮೇಲೆ? ಮರದ್ದಲ್ವಾ?"

"ಬಂದ್ರೆ ಏನ್ಮಾಡ್ತೀಯ?"

ಅವನು ಕೊಡೆಯ ಹಿಡಿಯನ್ನು ಇನ್ನಷ್ಟು ಉಜ್ಜಿದ. "ಅಕ್ಕನ ಗಾಡಿ ಕಡೆ ಹೋಗಿ ಬಜ್ಜಿ ತಿನ್ನೋದೇ ಬಿಟ್ಟಿದೀನಿ ಕಣಣ್ಣ," ಎಂದು ಹೇಳಿ, ರಿಪೇರಿಯಾಗದ ಕೊಡೆಯನ್ನು ರಿಪೇರಿಯಾದಂತೆ ಎತ್ತಿಕೊಂಡು ಹೋದ.

ಮಂಟಪ ಕಟ್ಟುವ ಜಾಗಕ್ಕಾಗಿ ಗುರುಸಿದ್ದಪ್ಪನವರು ಬಯಲಿನಲ್ಲಿ ಅಲ್ಲಿ ಇಲ್ಲಿ ಓಡಾಡಿ, ಕೊನೆಗೆ ಹನುಮಕ್ಕನ ಗಾಡಿಯ ಮುಂದೆ ನಿಂತು, "ಇದೇ ಸರಿ," ಎಂದರು. ಅಲ್ಲಿಂದ ಬಯಲು ಚೆನ್ನಾಗಿ ಕಾಣುತ್ತದಂತೆ. ಬರಬೇಕಾದ ಚಿನ್ನಿಯೊಂದಿದೆ ಎಂದು ನಾನು ನೆನಪಿಸಿದೆ. "ಬರದೇ ಇರೋದಕ್ಕೆ ಕಾದು ಊರು ಉದ್ಧಾರ ಆಗೋದು ಯಾವಾಗಯ್ಯ?" ಎಂದರು. ಗಾಡಿಯನ್ನು ಎಳೆದು ಬೇಲಿಯ ಪಕ್ಕ ನಿಲ್ಲಿಸಿದರು. ಪಾಯ ತೋಡಿದರು. ಮೇಸ್ತ್ರಿಯ ಕೈಕೆಳಗೆ ಗಾರೆ ಕಲಸಿದವನು ಓಬಳೇಶನೇ. ಅವತ್ತೂ ಅವನು ಮೇಲೆ ನೋಡಲಿಲ್ಲ, ಹನುಮಕ್ಕನ ಕಡೆಗೂ ನೋಡಲಿಲ್ಲ.

ಹನುಮಕ್ಕ ಗಲಾಟೆ ಮಾಡುತ್ತಾಳೆಂದು ಎಲ್ಲರೂ ಕಾದರು. ಅವಳು ತಾರಸಿ ಒಣಗುವವರೆಗೆ ಸುಮ್ಮನಿದ್ದು, ಆಮೇಲೆ ಒಲೆ, ಬಾಣಲೆ, ಒಂದು ಸ್ಟೂಲು ಹೊತ್ತುಕೊಂಡು ಹಿಂಭಾಗದ ಮೆಟ್ಟಿಲು ಹತ್ತಿ ತಾರಸಿಯ ಮೇಲೆ ಅಂಗಡಿ ಹೂಡಿದಳು. ಗಿರಾಕಿಗಳು ಕೆಳಗೆ ನಿಂತು ಕೂಗಬೇಕು, ಅವಳು ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಬಜ್ಜಿ ಇಳಿಬಿಡಬೇಕು.

ಅಧ್ಯಕ್ಷರು ಕೆಳಗಿನಿಂದ ಕೂಗಿದರು. "ಹನುಮಕ್ಕ, ಸುಮ್ನೆ ಯಾಕಮ್ಮ ಆಯಾಸ? ಹಿಡಿಯೋರ ಕಾಲು ಬಯಲಿನ ನೆಲದ ಮೇಲೆ ಇರಬೇಕು ಅಂತ ನಿಯಮ ಇದೆ. ಅಲ್ಲಿ ನಿಂತು ನೀನು ಹಿಡಿದ್ರೂ ಲೆಕ್ಕಕ್ಕಿಲ್ಲ."

"ಗೊತ್ತು ಬಿಡಿ ಸ್ವಾಮಿ," ಎಂದಳು ಹನುಮಕ್ಕ. "ನಿಯಮ ಕೆಳಗಿರ್ಲಿ, ನಾನು ಮೇಲಿರ್ತೀನಿ. ಹತ್ತು ವರ್ಷ ದಾರಿ ಕಾದಿದೀನಿ. ಅದು ಬಂದಾಗ ಮನೇಲಿ ಯಾರೂ ಇಲ್ಲ ಅನ್ನಂಗಾಗಬಾರದು."

ಆ ನಿಯಮ ನಿಜ. ಹಿಂದೆ ಆಟಗಾರರು ಹುಣಸೆಮರ ಹತ್ತಿ, ಮೇಲಿನ ಕೊಂಬೆಯಲ್ಲೇ ಚಿನ್ನಿ ಹಿಡಿದು ಜಗಳವಾಗುತ್ತಿತ್ತೆಂದು ಹಿರಿಯರು ಮಾಡಿದ್ದು. ನೆಲ ಬಿಟ್ಟವನು ಆಟ ಬಿಟ್ಟ ಹಾಗೆ.

ಇತ್ತ ನನ್ನ ಮನೆ. ಕೊನೆಗೆ ಅಧ್ಯಕ್ಷರ ಮಾತಿನಂತೆ ಭೀಮೇಶಿಯನ್ನೇ ಬಿಟ್ಟಿದ್ದೇನೆಂದು ತಿಳಿದ ದಿನದಿಂದ ಸಾರಿಗೆ ಉಪ್ಪು ಬೀಳುವುದು ನಿಂತಿತು. ಕೇಳಿದರೆ ಶಿವಗಂಗಮ್ಮ, "ಉಪ್ಪನ್ನ ನಾನೂ ಬಿಟ್ಟಿದೀನಿ ಕಣ್ರೀ. ಒಂದನ್ನ ಬಿಡಲೇಬೇಕು ಅಂದ್ರಲ್ಲ, ಹಂಗೆ," ಅಂದಳು. ಭೀಮೇಶಿ ಮಾತ್ರ ದಿನಾ ಸಂಜೆ ಭಾವ ಭಾವ ಅನ್ನುತ್ತ ಬಂದು, ಉಪ್ಪಿಲ್ಲದ ಸಾರನ್ನೂ ಎರಡು ಸಲ ಬಡಿಸಿಕೊಂಡು, ನಮಗೆ ಊಟದ ಅಭಾವ ಮಾಡಿ ಹೋಗುತ್ತಿದ್ದ.

"ಭಾವ, ಏಳು ಜನಕ್ಕಿಂತ ನಾನೇನು ಕಮ್ಮಿ ಸೋತಿದೀನಾ?"

"ಇಲ್ಲ ಮಾರಾಯ, ನೀನೇ ಜಾಸ್ತಿ. ಜಾಗ ಇಲ್ಲ, ಅಷ್ಟೇ."

"ಕೆಳಗೆ ಇಲ್ದಿದ್ರೆ ಮೇಲೆ ಕೊಡ್ರಿ. ತಾರಸಿ ಮೇಲೆ ಒಂದು ಕುರ್ಚಿ. ಹೆಂಗೂ ಅಲ್ಲಿ ಬಜ್ಜಿನೂ ಸಿಗ್ತದೆ."

ಇಷ್ಟು ಸುಲಭದ ಪರಿಹಾರ ನನಗೇ ಯಾಕೆ ಹೊಳೆಯಲಿಲ್ಲವೆಂದು ನಾನು ಕುಣಿದಾಡಿದೆ. ಆದರೆ ಮರುದಿನ ಅವನು ಮುಖ ಊದಿಸಿಕೊಂಡು ಬಂದ. ಯಾರೋ ತಲೆ ಕೆಡಿಸಿದ್ದರು. "ಭಾವ, ತಾರಸಿ ನೆಲ ಅಲ್ವಂತೆ. ನೆಲ ಬಿಟ್ಟವನು ಆಟ ಬಿಟ್ಟಂಗಂತೆ. ಹಂಗಾದ್ರೆ ನನ್ನನ್ನ ಮೇಲೆ ಕೂರಿಸಿ ತಂಡದಿಂದಾನೇ ತೆಗೀತೀರಾ? ಕಾಗೆ ಕೂರಿಸಿದಂಗೆ ಕೂರಿಸ್ತೀರಾ?" ಒಳಗಿನಿಂದ ಪಾತ್ರೆ ಕುಕ್ಕಿದ ಶಬ್ದ ಕೇಳಿಸಿತು. ಕುಕ್ಕಿದ ರೀತಿಯಲ್ಲೇ ನನಗೆ ಅರ್ಥವಾಯಿತು, ಉಪ್ಪಿನ ಜೊತೆಗೆ ಇನ್ನು ಅಕ್ಕಿಯೂ ಹೋಗುತ್ತದೆ ಎಂದು.

ಸಭೆ ಕರೆದೆ. ಅಧ್ಯಕ್ಷರು, ಎಂಟು ಆಟಗಾರರು, ನಾನು. ಬೆಂಚಿನವರು, ಇವನು ನಮಗಿಂತ ಎತ್ತರದಲ್ಲಿ ಕೂತರೆ ನಮ್ಮ ಮರ್ಯಾದೆ ಏನಾಯಿತು ಅಂದರು. ಭೀಮೇಶಿ, ನಾನು ಬಯಲಿನ ಹೊರಗೆ ಕೂರುವುದಿಲ್ಲ ಅಂದ. ಒಬ್ಬರಿಗೆ ಮೇಲು ಹೆಚ್ಚಾಗಿತ್ತು, ಇನ್ನೊಬ್ಬನಿಗೆ ಅದೇ ಮೇಲು ಕಮ್ಮಿಯಾಗಿತ್ತು. ಚಹಾ ಎರಡು ಸುತ್ತು ಬಂತು. ಕೊನೆಗೆ ಬೇಸತ್ತು ನಾನೇ ಒಂದು ಠರಾವು ಹೇಳಿದೆ: ಮಂಟಪದ ತಾರಸಿಯನ್ನು ಎಲ್ಲ ಕಾರ್ಯಗಳಿಗೂ ಆಟದ ಬಯಲಿನ ನೆಲವೆಂದೇ ಭಾವಿಸತಕ್ಕದ್ದು. ಹೀಗಾದರೆ ಭೀಮೇಶಿ ಹೊರಗೂ ಇಲ್ಲ, ಯಾರಿಗಿಂತ ಮೇಲೂ ಇಲ್ಲ. ನೆಲದ ಮೇಲಿರುವವನು ನೆಲದ ಮೇಲಿರುವವರಿಗೆ ಸಮ. ಎಲ್ಲರೂ ಕೈಯೆತ್ತಿದರು. ಅಧ್ಯಕ್ಷರಂತೂ ಎರಡೂ ಕೈ ಎತ್ತಿದರು. ಓಬಳೇಶನೂ ಎತ್ತಿದ. ಆವತ್ತು ರಾತ್ರಿ ಸಾರಿನಲ್ಲಿ ಉಪ್ಪಿತ್ತು. ಮೂರು ದಿನದ್ದು ಒಟ್ಟಿಗೇ ಇತ್ತು.

ಉದ್ಘಾಟನೆಯ ದಿನ ಬಯಲಿನ ತುಂಬ ತಗಡಿನ ಕೊಡೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಹನುಮಕ್ಕನ ಕಡೆಯ ಹಳೆಯ ಏಳು ಜನವೂ ಬಂದು ಹಿಂದೆ ನಿಂತಿದ್ದರು, ಹತ್ತು ವರ್ಷದಲ್ಲಿ ಒಂದು ಸಲವೂ ದಾಂಡು ಹಿಡಿಯುವ ಭಾಗ್ಯವಿಲ್ಲದೆ ಹೊಟ್ಟೆ ಬೆಳೆಸಿಕೊಂಡವರು. ಅಧ್ಯಕ್ಷರು ರಿಬ್ಬನ್ ಕತ್ತರಿಸಿದರು. ಏಳು ಶ್ರೇಷ್ಠರು ಒಬ್ಬೊಬ್ಬರಾಗಿ ಹೋಗಿ, ಕೊಡೆ ಮಡಚಿ, ಬರಿತಲೆಯಲ್ಲಿ ಬೆಂಚಿನ ಮೇಲೆ ಕೂತರು. ಅವರ ಮುಖದಲ್ಲಿ ಎಂಥ ಸುಖ! ಓಬಳೇಶ ನಡುವೆ ಕೂತಿದ್ದ. ತಾರಸಿಯ ಮೇಲೆ ಭೀಮೇಶಿ ಕೊಡೆ ಬಿಚ್ಚಿಕೊಂಡು ಕುರ್ಚಿಯಲ್ಲಿ ಕೂತು, ಹನುಮಕ್ಕನ ಬಾಣಲೆಯಿಂದ ಬಿಸಿ ಬಿಸಿ ಬಜ್ಜಿ ತೆಗೆದು ಊದುತ್ತಿದ್ದ. ನಾನು ಮೈಕಿನ ಮುಂದೆ ನಿಂತು ಬೆಂಚಿನ ಅಳತೆಯ ಪ್ರಕಟಣೆ ಓದಿ, ಸನ್ಮಾನದ ನುಡಿಗೆ ಬಂದೆ. "ದಶಕದ ಉದ್ದಕ್ಕೂ ನಮ್ಮೂರ ತಂಡದ ಕೀರ್ತಿಪತಾಕೆಯನ್ನು..."

ಮೇಲೆ ಸೊಂಯ್ ಎಂಬ ಸದ್ದಾಯಿತು.

ಹತ್ತು ವರ್ಷವಾದರೂ ಆ ಸದ್ದನ್ನು ಯಾರೂ ಮರೆತಿರಲಿಲ್ಲ. ಬಯಲಿನಲ್ಲಿ ಇದ್ದಬದ್ದ ಕೊಡೆಗಳೆಲ್ಲ ಒಮ್ಮೆಗೇ ಹಿಂದಕ್ಕೆ ಬಾಗಿದವು. ಹನುಮಕ್ಕ ಜಾಲರಿ ಸೌಟನ್ನು ಎಸೆದು, ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಎರಡೂ ಕೈ ಬೊಗಸೆ ಮಾಡಿ ನಿಂತಳು. ಅವಳ ತುಟಿ ಅಲುಗುತ್ತಿತ್ತು, ಬೈಯುತ್ತಿದ್ದಳೋ ಬೇಡುತ್ತಿದ್ದಳೋ. ಚಿನ್ನಿ ಬಂದು ಬೊಗಸೆಯೊಳಗೆ ಕೂತಿತು. ಅಷ್ಟು ವರ್ಷ ಅವಳ ಪಕ್ಕದಲ್ಲೇ ಇದ್ದದ್ದರ ಹಾಗೆ ಕೂತಿತು.

"ಔಟ್!" ಎಂದು ಬಾಯ್ತುಂಬ ಬಜ್ಜಿ ಇಟ್ಟುಕೊಂಡೇ ಮೊದಲು ಕೂಗಿದವನು ಭೀಮೇಶಿ. ಕೂಗಿದ ಮೇಲೆ, ಔಟಾದದ್ದು ತನ್ನ ಕಡೆಯವನೆಂದು ಅವನಿಗೆ ಹೊಳೆಯಿತು.

"ಔಟಿಲ್ಲ, ಔಟಿಲ್ಲ!" ಎಂದು ಅಧ್ಯಕ್ಷರು ಮೈಕು ಕಿತ್ತುಕೊಂಡರು. "ಕಾಲು ನೆಲದ ಮೇಲಿಲ್ಲ! ಪಾಲಯ್ಯ, ನೀನು ಪಂಚ. ನಿಯಮ ಹೇಳಯ್ಯ!"

ನಾನು ನಿಯಮ ಹೇಳಿದೆ. ಹಿಡಿಯುವವರ ಕಾಲು ಬಯಲಿನ ನೆಲದ ಮೇಲಿರಬೇಕು. ಅಧ್ಯಕ್ಷರು ತಲೆಯಾಡಿಸಿದರು. ಆಮೇಲೆ ನಾನು ಠರಾವನ್ನೂ ಹೇಳಿದೆ. ಮಂಟಪದ ತಾರಸಿ ಎಲ್ಲ ಕಾರ್ಯಗಳಿಗೂ ಬಯಲಿನ ನೆಲವೇ. ಅವರ ತಲೆ ಅಲ್ಲೇ ನಿಂತಿತು.

"ಅದು... ಅದು ಭೀಮೇಶಿ ಕೂರೋಕೆ ಮಾಡಿದ್ದಲ್ವೇನಯ್ಯ!"

"ಎಲ್ಲ ಕಾರ್ಯಕ್ಕೂ ಅಂತ ಇದೆ ಅಧ್ಯಕ್ಷರೇ. ನೀವು ಎರಡು ಕೈ ಎತ್ತಿದ್ರಿ."

"ಹಂಗಾದ್ರೆ ಆ ಠರಾವು ರದ್ದು!"

"ರದ್ದು ಮಾಡಿ ನೋಡಣ!" ಎಂದು ಜನರ ನಡುವಿನಿಂದ ಶಿವಗಂಗಮ್ಮನ ದನಿ ಬಂತು. "ನನ್ನ ತಮ್ಮ ಇನ್ನೂ ಮೇಲೆ ಕೂತವ್ನೆ!" ನಾನು ಅಧ್ಯಕ್ಷರ ಮುಖ ನೋಡಿದೆ. ರದ್ದಿನ ಮಾತು ಮತ್ತೆ ಬರಲಿಲ್ಲ.

ಎಲ್ಲರ ಕಣ್ಣು ಓಬಳೇಶನ ಮೇಲೆ. ಅವನು ಬೆಂಚಿನಿಂದ ಎದ್ದು, ಮಂಟಪದ ಹೊರಗೆ ಬಿಸಿಲಿಗೆ ಬಂದು, ಹತ್ತು ವರ್ಷದಲ್ಲಿ ಮೊದಲ ಸಲ ಕತ್ತೆತ್ತಿ ಮೇಲೆ ನೋಡಿದ.

"ಅಕ್ಕ, ಸರಿಯಾಗಿ ಹಿಡಿದ್ಯಾ? ಜಾರಲಿಲ್ವಾ?"

"ಜಾರಲಿಲ್ಲ ಕಣೋ."

"ಹಂಗಾದ್ರೆ ಔಟು," ಎಂದ ಓಬಳೇಶ. "ಎರಡು ಬಜ್ಜಿ ಇಳಿಬಿಡು."

ಹನುಮಕ್ಕ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು, ಎಣ್ಣೆಯ ಹೊಗೆಯನ್ನು ಬೈದಳು.

ಗುರುಸಿದ್ದಪ್ಪನವರು ಮಾತ್ರ ಬಿಡಲಿಲ್ಲ. ಮಂಟಪ ಇದೆ, ಹಾರ ಇದೆ, ಪಾಯಸ ಕುದಿಯುತ್ತಿದೆ, ಯಾರನ್ನಾದರೂ ಕೂರಿಸಲೇಬೇಕು. "ಸರಿ, ಹನುಮಕ್ಕನ ಕಡೆಯವರೇ ಊರ ತಂಡ ಅಂತ ಇಟ್ಕೊ. ಅವರಲ್ಲೇ ಏಳು ಜನ ಶ್ರೇಷ್ಠರನ್ನ ಆರಿಸು," ಎಂದರು. ಹಿಂದೆ ನಿಂತಿದ್ದ ಹೊಟ್ಟೆಗಳು ಮುಂದೆ ಬಂದವು. ನಾನು ತಲೆ ಚಚ್ಚಿಕೊಂಡೆ. ತಂಡದ ಪರವಾಗಿ ಆಡಿದವರಲ್ಲಿ ಶ್ರೇಷ್ಠರು ಎಂಬುದೇ ಸನ್ಮಾನದ ಷರತ್ತು. ಹತ್ತು ವರ್ಷ ಆಡಿದವರು ಊರ ತಂಡದವರಲ್ಲ. ಊರ ತಂಡದವರು ಹತ್ತು ವರ್ಷದಲ್ಲಿ ಆಡೇ ಇಲ್ಲ. ಇಷ್ಟೆಲ್ಲ ಕಷ್ಟಪಟ್ಟು ಸೋತ ಪಂದ್ಯಗಳೂ ನಮ್ಮವಲ್ಲ ಎಂದು ತಿಳಿದು ಕೆಲವರು ಬಿಕ್ಕಿ ಅತ್ತರು. ಬೆಂಚಿನ ಮೇಲಿದ್ದ ಆರು ಜನರನ್ನು ಎಬ್ಬಿಸುವ ಕೆಲಸ ಪಂಚನಾದ ನನ್ನ ಪಾಲಿಗೆ ಬಂತು. ಒಬ್ಬನನ್ನು ಬಿಡಲು ಮೂರು ತಿಂಗಳು ಹೆಣಗಿದ ನಾನು, ಎಲ್ಲರನ್ನೂ ಒಂದೇ ನಿಮಿಷದಲ್ಲಿ ಬಿಟ್ಟೆ.

ಹಳೆ ಪಂದ್ಯ ಮುಗಿದದ್ದರಿಂದ ಹೊಸ ಆಯ್ಕೆ ಪಂದ್ಯವನ್ನು ಈಗಲೇ ನಡೆಸಿ ಎಂದು ಜನ ಕೂಗಿದರು. ಎರಡೂ ಕಡೆಯವರು ಅಲ್ಲೇ ಇದ್ದರು. ಗೆದ್ದ ಕಡೆಯ ಮುಂದಾಳು ಮೊದಲು ಆಡುವುದು ವಾಡಿಕೆ. ಹನುಮಕ್ಕ ತಾರಸಿಯಿಂದ ಇಳಿದು ಬಂದಳು. ಓಬಳೇಶ ದಾಂಡನ್ನು ಅವಳ ಕೈಗಿಟ್ಟು, ಬಜ್ಜಿಯ ಕೈಯನ್ನು ಪಂಚೆಗೆ ಒರೆಸಿಕೊಂಡು ದೂರ ಹೋಗಿ ನಿಂತ. ಅವಳು ಅದೇ ಹಳೆಯ ಚಿನ್ನಿಯನ್ನು ಗುಣಿಯ ಮೇಲೆ ಅಡ್ಡ ಇಟ್ಟು, ಚಿಮ್ಮಿ, ಹತ್ತು ವರ್ಷದ ಸಿಟ್ಟನ್ನೆಲ್ಲ ಸೇರಿಸಿ ಒಂದು ಬಿಟ್ಟಳು.

ಸೊಂಯ್.

ಓಬಳೇಶ ಓಡಿದ. ಬೇಲಿಯ ಹತ್ತಿರದ ಬರಿನೆಲದಲ್ಲಿ ಒಂದು ಜಾಗ ಹಿಡಿದು, ಕೈ ಚಾಚಿ ನಿಂತ. ನಾವೆಲ್ಲ ನೋಡಿದೆವು. ಪಾಯಸ ಹಂಚಿದರು, ಕುಡಿದೆವು, ಮತ್ತೆ ನೋಡಿದೆವು. ಸೂರ್ಯ ಹುಣಸೆಮರದ ಹಿಂದೆ ಇಳಿದ. ಅಧ್ಯಕ್ಷರು ನನ್ನ ಮುಖ ನೋಡಿದರು. ನಾನು ಮೈಕು ಹಿಡಿದು, "ಸದ್ಯಕ್ಕೆ..." ಎಂದು ಶುರುಮಾಡಿದೆ.

"ಅಕ್ಕಾ," ಎಂದು ಓಬಳೇಶ ಮೇಲಿನಿಂದ ಕಣ್ಣು ತೆಗೆಯದೆ ಬೇಲಿಯ ಹತ್ತಿರದಿಂದ ಕೂಗಿದ. "ಮನೆಗೆ ಹೋಗೋವಾಗ ಆ ಸ್ಟೂಲ್ ಇಲ್ಲಿ ಇಟ್ಟು ಹೋಗು."